ಶನಿವಾರ ಬಿರುಗಾಳಿ ಎಚ್ಚರಿಕೆ ಇದೆ, ಅಮ್ಮನನ್ನು ಪಾರ್ಕ್‌ರನ್‌ಗೆ ಕರೆದುಕೊಂಡು ಹೋಗಬಹುದಾ?

ತೀರ್ಥಹಳ್ಳಿ_ಹುಡುಗಿ (ಬುಧವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ, ರೆಡಿಂಗ್ ಪಕ್ಕದ ಒಂದು ಚಿಕ್ಕ ಊರು. ಎರಡು ವರ್ಷದಿಂದ ಶನಿವಾರ ಬೆಳಿಗ್ಗೆ ನಮ್ಮೂರ ಪಾರ್ಕ್‌ರನ್‌ಗೆ ಹೋಗುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪ್ರತಿ ಶನಿವಾರ ಒಂಬತ್ತು ಗಂಟೆಗೆ ಪಾರ್ಕಿನಲ್ಲಿ 5 ಕಿ.ಮೀ. ಓಡಬಹುದು, ನಡೆಯಬಹುದು, ದುಡ್ಡು ಕೊಡಬೇಕಾಗಿಲ್ಲ. ನಡೆಸುವವರೆಲ್ಲ ಆಯಾ ಊರಿನ ಸ್ವಯಂಸೇವಕರು. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ.

ವಿಷಯ ಅಮ್ಮನದ್ದು. ಆಗಸ್ಟ್ ಕೊನೆಗೆ ಊರಿಂದ ಬಂದಳು, 64 ವರ್ಷ. ಮೊದಲ ವಾರ ಪೂರ್ತಿ ಕಿಟಕಿ ಹತ್ತಿರ ನಿಂತು "ಇಲ್ಲಿ ಮನೆ ಇದೆ, ಜನ ಎಲ್ಲಿದ್ದಾರೆ ಮಾರಾಯ್ತಿ?" ಅಂತಿದ್ದಳು. ನನ್ನ ಜಾಕೆಟ್ ಹಿಡಿದುಕೊಂಡು ನಿಲ್ಲಲಿ ಎಂದು ಒಂದು ಶನಿವಾರ ಪಾರ್ಕಿಗೆ ಕರೆದುಕೊಂಡು ಹೋದೆ. ಜಾಕೆಟ್ಟನ್ನು ಬೆಂಚಿನ ಮೇಲಿಟ್ಟು ತಾನೂ ನಡೆಯಲು ಹೊರಟಳು. ಎಲ್ಲರಿಗಿಂತ ಕೊನೆಗೆ ನಡೆಯುವುದಕ್ಕೆ ಅಂತಲೇ ಒಬ್ಬ ಸ್ವಯಂಸೇವಕರು ಇರುತ್ತಾರೆ, ಟೈಲ್ ವಾಕರ್ ಅಂತ. ಹಾಗಾಗಿ ನಡೆಯುವವರು ಯಾರೂ ಕೊನೆಯವರಾಗುವುದಿಲ್ಲ. ಅಮ್ಮನ ಜೊತೆ ಬರುವವರು ನಿವೃತ್ತ ಬಸ್ ಡ್ರೈವರ್ ಒಬ್ಬರು. ಇವಳು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ ಐದು ಕಿಲೋಮೀಟರೂ ಮಾತಾಡಿಕೊಂಡು ಬರುತ್ತಾರೆ. ಈಗ ಊರಿನಲ್ಲಿ ಅಮ್ಮನಿಗೆ ನನಗಿಂತ ಹೆಚ್ಚು ಪರಿಚಯ.

ಒಂಬತ್ತು ಶನಿವಾರ ಆಗಿದೆ. ಇದು ಹತ್ತನೆಯದು, ಕೊನೆಯದೂ ಹೌದು. ಊರಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತಿದೆ, ಅಪ್ಪ ಒಬ್ಬನೇ ಇದ್ದಾನೆ, ಮಂಗಳವಾರ ಅವಳ ವಿಮಾನ.

ಆದರೆ ಶನಿವಾರಕ್ಕೆ ಗಾಳಿ ಮಳೆಯ ಹಳದಿ ಎಚ್ಚರಿಕೆ ಬಂದಿದೆ. ಬೆಳಿಗ್ಗೆ ಗಂಟೆಗೆ 40 ಮೈಲಿ ವೇಗದ ಬೀಸು, ಮಧ್ಯಾಹ್ನದ ಮೇಲೆ 55 ಅಂತ ತೋರಿಸುತ್ತಿದೆ. ನಮ್ಮ ಪಾರ್ಕಿನ ದಾರಿ ಅರ್ಧ ಬಯಲು, ಇನ್ನರ್ಧ ತೊರೆಯ ಪಕ್ಕ ಹಳೆಯ ಪಾಪ್ಲರ್ ಮರಗಳ ಸಾಲಿನ ಕೆಳಗೆ ಹೋಗುತ್ತದೆ.

ಅಮ್ಮನನ್ನು ಕೇಳಿದೆ. "ಮಳೆಗೆ ನಾನು ಹೆದರುವವಳಾ? ಗೊರಬು ಹೊದ್ದು ನಟ್ಟಿ ಮಾಡಿದವಳು" ಅಂದಳು. ಒಂದು ನಿಮಿಷ ಬಿಟ್ಟು "ಆದ್ರೆ ಗಾಳಿ ಎದ್ದಾಗ ನಾವು ತೋಟಕ್ಕೆ ಇಳಿಯಲ್ಲ" ಅಂತ ತಾನೇ ಸೇರಿಸಿದಳು. ನನ್ನ ಗಂಡ ಬೇಡವೇ ಬೇಡ ಅನ್ನುತ್ತಾನೆ.

ಇಂಥ ದಿನ ಓಡಿದವರು, ಓಟ ನಡೆಸಿದವರು ಇದ್ದರೆ ಹೇಳಿ. ನಡೆಸುವುದೋ ರದ್ದು ಮಾಡುವುದೋ ಅಂತ ಯಾರು ತೀರ್ಮಾನಿಸುತ್ತಾರೆ? ನಡೆದರೆ ಅಮ್ಮನನ್ನು ಕರೆದುಕೊಂಡು ಹೋಗಲಾ? ಅವಳಿಗೆ ಆಸೆಯಿದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಮುಗಿಸಿದ ಮೇಲೆ ಸ್ಕ್ಯಾನ್ ಮಾಡಿಸುವ ತನ್ನ ಬಾರ್‌ಕೋಡ್ ಕಾರ್ಡನ್ನು ಆಗಲೇ ಚಪ್ಪಲಿ ಸ್ಟ್ಯಾಂಡ್ ಮೇಲೆ ತೆಗೆದಿಟ್ಟಿದ್ದಾಳೆ.

---

ಧಾರವಾಡದಂವ (ಗುರುವಾರ ಬೆಳಿಗ್ಗೆ)

ಅಕ್ಕಾರ, ನಾ ಬ್ರಿಸ್ಟಲ್ ಕಡೆ ಇರ್ತೀನ್ರಿ. ಮೂರು ವರ್ಷದಿಂದ ಆಗಾಗ ರನ್ ಡೈರೆಕ್ಟರ್, ಅಂದ್ರ ಆವತ್ತಿನ ಓಟದ ಹೊಣಿ ಹೊತ್ತಂವ, ಆಗಿ ನಿಂದರ್ತೀನಿ, ಹಿಂಗಾಗಿ ಗೊತ್ತಿದ್ದಷ್ಟು ಹೇಳ್ತೀನಿ.

ಆವತ್ತಿನ ರನ್ ಡೈರೆಕ್ಟರ್ ಮತ್ತ ಆ ಊರಿನ ತಂಡದವರು ಕೂಡಿ ತೀರ್ಮಾನ ಮಾಡ್ತಾರ. ಪಾರ್ಕ್ ಯಾರದೋ ಅವರು, ಬಹಳ ಕಡೆ ಕೌನ್ಸಿಲ್‌ನವರು, ಬಾಗಿಲಾ ಹಾಕಿದ್ರ ಮುಗೀತು, ಮಾತಾಡೂ ಹಂಗಿಲ್ಲ. ಇಲ್ಲಂದ್ರ ಶನಿವಾರ ಮುಂಜಾನೆ ಒಬ್ಬರು ದಾರಿ ಪೂರ್ತಿ ನಡದು ನೋಡ್ತಾರ. ಹೊಸಬರು ನೆಲಾ ನೋಡ್ತಾರ, ಕೆಸರು ಅದ ಏನು, ನೀರು ನಿಂತದ ಏನು ಅಂತ. ನಾ ಕಲತದ್ದು ಮ್ಯಾಲ ನೋಡೂದು. ಮುರದು ಬಿದ್ದ ಟೊಂಗಿಗೆ ಅಂಜಬೇಕಾಗಿಲ್ಲ, ಅದು ಬಿದ್ದೇ ಬಿಟ್ಟದ. ಮುರದು ಇನ್ನೊಂದು ಟೊಂಗಿಮ್ಯಾಲ ಜೋತುಬಿದ್ದಿರತದಲ್ಲ, ಅದನ್ನ ನೋಡಿದ್ರ ನಾ ಆ ದಾರಿ ಬಂದ್ ಮಾಡಿಬಿಡ್ತೀನಿ.

ಹಳದಿ ಅಂದ್ರ ಹಗುರ ಅಂತ ತಿಳಕೋಬ್ಯಾಡ್ರಿ. ಇಲ್ಲಿ ಹವಾಮಾನದವರು ಬಣ್ಣ ಹಾಕೂದು ಬರೇ ಗಾಳಿ ವೇಗ ನೋಡಿ ಅಲ್ಲ. ಏನು ಅನಾಹುತ ಆಗಬಹುದು, ಅದು ಆಗೂ ಸಾಧ್ಯತೆ ಎಷ್ಟು, ಎರಡೂ ನೋಡಿ ಹಾಕ್ತಾರ. ಸಣ್ಣ ತೊಂದರಿ ಖಂಡಿತ ಆಗತದ ಅಂದ್ರೂ ಹಳದಿ, ದೊಡ್ಡ ಅನಾಹುತ ಆಗೂ ಸಾಧ್ಯತೆ ಕಡಿಮಿ ಅದ ಅಂದ್ರೂ ಹಳದಿ. ಅದಕ್ಕ ಬಣ್ಣದ ಕೆಳಗ ಬರದದ್ದನ್ನ ಓದ್ರಿ.

2024ರ ಡಿಸೆಂಬರ್ 7, ಡಾರಾ ಬಿರುಗಾಳಿ ಬಂದದ್ದು ಶನಿವಾರನ. ನಮ್ಮ ಕಡೆ ನಸುಕಿನ್ಯಾಗ ಮೂರರಿಂದ ಹನ್ನೊಂದರತನಕ ಕೆಂಪು ಎಚ್ಚರಿಕೆ ಇತ್ತು. ಶುಕ್ರವಾರ ಸಂಜಿ ವೇಲ್ಸ್ ಮತ್ತ ನಮ್ಮ ಭಾಗದಾಗ ಸುಮಾರು 30 ಲಕ್ಷ ಮಂದಿ ಫೋನು ಒಮ್ಮೆಲೆ ಚೀರಿದ್ವು, ಸರ್ಕಾರದ ತುರ್ತು ಸಂದೇಶ. ನಾವು ಅದಕ್ಕೂ ಮೊದಲ ರದ್ದು ಮಾಡಿದ್ವಿ. ವೇಲ್ಸ್‌ನ ಕಾಪೆಲ್ ಕ್ಯೂರಿಗ್‌ನಾಗ 93 ಮೈಲಿ ಗಾಳಿ ದಾಖಲಾತು. ಅವತ್ತು ಯೋಚನಿ ಮಾಡೂದ ಬೇಕಾಗಿರಲಿಲ್ಲ, ಹಿಂಗಾಗಿ ಸುಲಭ. ತ್ರಾಸ ಇರೂದು ನಿಮ್ಮಂಥ 40–50 ಮೈಲಿ ದಿನ.

ಇನ್ನೊಂದು ಲೆಕ್ಕ. ಗಾಳಿ ವೇಗ ಎರಡು ಪಟ್ಟಾದ್ರ ಅದರ ದಬ್ಬುವ ಬಲ ನಾಕು ಪಟ್ಟು ಆಗತದ. ಅಂದ್ರ 25 ಮೈಲಿಯಾಗ ಓಡೀನಿ, 50 ಆದ್ರ ಅದರ ಎರಡರಷ್ಟು ಅಂತ ಅಂದಾಜು ಮಾಡಬ್ಯಾಡ್ರಿ. ಮತ್ತ ನವೆಂಬರ್ ಶುರುವಿನಾಗ ಇಲ್ಲಿ ಮರದಾಗ ಇನ್ನೂ ಎಲಿ ಇರ್ತಾವ, ನೆಲ ತೊಯ್ದು ಮೆತ್ತಗಾಗಿರ್ತದ. ಎಲಿ ಅಂದ್ರ ಹಡಗಿಗೆ ಹಾಯಿ ಕಟ್ಟಿದಂಗ. 1987ರ ಅಕ್ಟೋಬರ್ ಬಿರುಗಾಳಿಗೆ ಇಂಗ್ಲೆಂಡಿನ ಆಗ್ನೇಯ ಭಾಗದಾಗ ಸುಮಾರು ಒಂದೂವರೆ ಕೋಟಿ ಮರ ಉರುಳಿದ್ದಕ್ಕ ಇದೂ ಒಂದು ಕಾರಣ.

ನಿಮ್ಮ ತಂಡಕ್ಕ ಬೇರೆ ದಾರಿ ಅದ ಏನು ಕೇಳ್ರಿ. ಭಾಳ ಪಾರ್ಕಿನಾಗ ಮಳಿಗಾಲಕ್ಕ ಅಂತ ಎರಡನೇ ದಾರಿ ಇಟ್ಟಿರ್ತಾರ. ಬಯಲಿನಾಗ ಸುತ್ತು ಹಾಕಿಸಿದ್ರ ಹೋಗ್ರಿ. ಪಾಪ್ಲರ್ ಕೆಳಗ ಓಡ್ರಿ ಅಂದ್ರ ನಾನಾಗಿದ್ರ ಹೋಗತಿದ್ದಿಲ್ಲ. ಅವ್ವಾರು ತೋಟದ ಮಾತು ಹೇಳ್ಯಾರಲ್ಲ, ಅದು ನೂರಕ್ಕ ನೂರು ಖರೆ.

---

ಬೆಣ್ಣೆದೋಸೆ_ಲೀಡ್ಸ್ (ಗುರುವಾರ ಮಧ್ಯಾಹ್ನ)

ನಾನು ದಾವಣಗೆರೆಯವಳು, ಇಲ್ಲಿ ನರ್ಸ್. ಧಾರವಾಡದ ಅಣ್ಣ ಮರದ ಬಗ್ಗೆ ಹೇಳಿದ್ದಾರೆ, ನಾನು ಅಮ್ಮನ ಬಗ್ಗೆ ಹೇಳುತ್ತೇನೆ.

ವಯಸ್ಸಾದವರಿಗೆ ಗಾಳಿ ಅಪಾಯ ಆಗುವುದು ಒಂದೇ ಸಮ ಬೀಸುವಾಗ ಅಲ್ಲ, ಬೀಸಿ ನಿಂತಾಗ. ಗಾಳಿಗೆ ಎದುರು ಮೈವಾಲಿಸಿ ನಡೆಯುತ್ತಿರುತ್ತಾರೆ, ಅದು ತಟ್ಟನೆ ನಿಂತರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಅರವತ್ತು ದಾಟಿದ ಹೆಂಗಸರ ಮೂಳೆ ನಮ್ಮ ಮೂಳೆಯ ಹಾಗಲ್ಲ. ಅದೂ ಮಂಗಳವಾರ ಅಷ್ಟು ದೂರ ವಿಮಾನದಲ್ಲಿ ಕೂರಬೇಕಾದವರು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇಂಗ್ಲೆಂಡಿನಲ್ಲಿ ತುರ್ತು ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ, ಆದರೆ ಅಡ್ಮಿಟ್ ಮಾಡಿಕೊಂಡರೆ ಬಿಲ್ ಬರುತ್ತದೆ. ಅಮ್ಮನ ಟ್ರಾವೆಲ್ ಇನ್ಶೂರೆನ್ಸ್ ಕಾಗದ ಒಮ್ಮೆ ತೆಗೆದು ನೋಡಿ.

ಬಟ್ಟೆ: ಮೈಗೆ ತಾಗುವ ಹಾಗೆ ಹತ್ತಿಯದು ಬೇಡ. ಹತ್ತಿ ನೀರು ಕುಡಿದು ಮೈಗಂಟಿಕೊಂಡರೆ ಇರುವ ಬಿಸಿಯನ್ನೂ ಎಳೆದುಬಿಡುತ್ತದೆ. ಉಣ್ಣೆಯದು ಅಥವಾ ಓಟದವರ ತೆಳು ಸಿಂಥೆಟಿಕ್ ಇರಲಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಕೋಟು. ಛತ್ರಿ ತರಲೇಬೇಡಿ, ಮಡಚಿಕೊಂಡು ಪಕ್ಕದವರ ಕಣ್ಣಿಗೆ ಹೋಗುತ್ತದೆ. ಒಣಬಟ್ಟೆ, ಸಾಕ್ಸ್, ಟವೆಲ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ನಿಮಗೂ ಬೇಕು, ಮುಗಿಸಿದ ಹತ್ತು ನಿಮಿಷದಲ್ಲೇ ನಡುಕ ಹತ್ತುವುದು.

ಅಮ್ಮನನ್ನು ಸ್ವಯಂಸೇವೆಗೆ ನಿಲ್ಲಿಸೋಣ ಅಂತ ಯೋಚನೆ ಬಂದರೆ ಒಂದು ನೆನಪಿರಲಿ. ಓಡುವವರಿಗಿಂತ ನಿಂತವರಿಗೆ ಚಳಿ ಜಾಸ್ತಿ. ಗೋಡೆಯ ಮರೆ ಇರುವ ಜಾಗ ಕೇಳಿ.

---

ಜಯನಗರ_4ನೇ_ಬ್ಲಾಕ್ (ಗುರುವಾರ ಸಂಜೆ)

ಎಲ್ಲರೂ ಸೇರಿ ಹೆದರಿಸುತ್ತಿದ್ದೀರ ಅನಿಸಿತು. ಮಲೆನಾಡಿನ ಹೆಂಗಸು, ಇಷ್ಟು ಮಳೆ ನೋಡಿಲ್ಲವೇ? ರದ್ದಾದರೂ ಪರವಾಗಿಲ್ಲ, ನೀವಿಬ್ಬರೇ ಹೋಗಿ ಐದು ಕಿಲೋಮೀಟರ್ ನಡೆದು ಬನ್ನಿ. ಕೊನೆಯ ಶನಿವಾರ ಮತ್ತೆ ಬರುತ್ತದಾ?

---

ಧಾರವಾಡದಂವ (ಗುರುವಾರ ರಾತ್ರಿ)

ಸರ್, ತಪ್ಪು ತಿಳೀಬ್ಯಾಡ್ರಿ. ರದ್ದು ಅಂತ ಹೇಳಿದ ಮ್ಯಾಲ ಮಂದಿ ತಾವ ಬಂದು ಓಡೂದು, ರನ್ ಡೈರೆಕ್ಟರ್ ಆದಂವಗ ಎಲ್ಲಾಕ್ಕಿಂತ ಹೆಚ್ಚು ಕಾಳಜಿ ಹಚ್ಚೂದು ಅದ. ದಾರಿಗುಂಟ ನಿಂತು ಕಾಯೂ ಮಾರ್ಷಲ್ ಇರೂದಿಲ್ಲ, ಬಿದ್ರ ನೋಡವರು ಯಾರೂ ಇರೂದಿಲ್ಲ. ರದ್ದಾದ್ರ ಪಾರ್ಕಿಗೇ ಹೋಗಬ್ಯಾಡ್ರಿ ಅಕ್ಕಾರ, ಮನ್ಯಾಗ ಗಿರಮಿಟ್ ಮಾಡಿ ತಿನ್ರಿ.

---

ಕುಡ್ಲ_ಕಡಲು (ಗುರುವಾರ ರಾತ್ರಿ)

ನಾನು ಮಂಗಳೂರಿನಲ್ಲಿ ಪ್ರತಿ ಭಾನುವಾರ ಗುಂಪಿನಲ್ಲಿ ಓಡುವವನು. ಜೂನ್ ಜುಲೈ ಇಡೀ ಮಳೆಯಲ್ಲೇ ಓಡುತ್ತೇವೆ ಮಾರಾಯ್ರೆ, ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಮಾತ್ರ ನಾವೂ ರಜೆ. ನಮಗೆ ನಿಜವಾದ ಭಯ ಮುಂಗಾರಿನ ಮಳೆಯದ್ದಲ್ಲ, ಅದಕ್ಕೆ ಮೊದಲು ಏಪ್ರಿಲ್ ಮೇಯಲ್ಲಿ, ಆಮೇಲೆ ಅಕ್ಟೋಬರ್ ನವೆಂಬರಿನಲ್ಲಿ ಸಂಜೆ ಬರುವ ಗುಡುಗು ಮಳೆಯದ್ದು. ಹನಿ ನಾಲ್ಕೇ ಬೀಳುತ್ತದೆ, ಸಿಡಿಲು ಹೊಡೆಯುತ್ತದೆ.

ನಿಮ್ಮಲ್ಲೂ ಗುಡುಗಿನ ಮುನ್ಸೂಚನೆ ಇದ್ದರೆ ನಾವು ಮಾಡುವ ಲೆಕ್ಕ ಹೇಳುತ್ತೇನೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಓಟ ನಿಲ್ಲಿಸಿ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಮರದ ಕೆಳಗಂತೂ ನಿಲ್ಲಲೇಬಾರದು. ಇಲ್ಲಿ ನಾವು ಫೋನಿನಲ್ಲಿ ದಾಮಿನಿ ಆ್ಯಪ್ ಇಟ್ಟುಕೊಂಡಿದ್ದೇವೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರದ್ದು, ಹತ್ತಿರ ಸಿಡಿಲಿದ್ದರೆ ತಿಳಿಸುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

---

ತೀರ್ಥಹಳ್ಳಿ_ಹುಡುಗಿ (ಭಾನುವಾರ ಸಂಜೆ)

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮಣಿಕಟ್ಟಿನ ಮಾತು ಬಂದಾಗ ಸುಮ್ಮನೆ ಕೂತಿದ್ದಳು. ಅವಳ ಅಕ್ಕ, ನನ್ನ ದೊಡ್ಡಮ್ಮ, ಅಂಗಳದ ಹಾವಸೆಯಲ್ಲಿ ಜಾರಿ ಕೈ ಮುರಿದುಕೊಂಡದ್ದು ಇನ್ನೂ ನೆಟ್ಟಗಾಗಿಲ್ಲ. "ಹಾಗಿದ್ರೆ ನಡೆಯೂದು ಬೇಡ, ನೋಡ್ಲಿಕ್ಕೆ ಬರ್ತೀನಿ" ಅಂದಳು.

ಶುಕ್ರವಾರ ತಂಡಕ್ಕೆ ಮೆಸೇಜ್ ಹಾಕಿದೆ. ದಾರಿ ಬದಲಿಸಿದ್ದೇವೆ, ಪಾಪ್ಲರ್ ಸಾಲಿಗೆ ಹೋಗುವುದಿಲ್ಲ, ಬಯಲಿನಲ್ಲೇ ಸುತ್ತು, ಬೆಳಿಗ್ಗೆ ಏಳೂವರೆಗೆ ನೋಡಿ ಕೊನೆಯ ತೀರ್ಮಾನ ಅಂದರು. ನಾಲ್ಕು ಜನ ಸ್ವಯಂಸೇವಕರು ಬರುತ್ತಿಲ್ಲ, ನಿಮ್ಮ ತಾಯಿಯವರು ಟೋಕನ್ ಕೊಡುತ್ತಾರಾ ಅಂತ ಅವರೇ ಕೇಳಿದರು. ನಾನು ಕೇಳುವ ಮೊದಲೇ!

ಶನಿವಾರ ಆರೂವರೆಗೆ ಎದ್ದರೆ ಅಮ್ಮ ಸ್ನಾನ ಮಾಡಿ ದೀಪ ಹಚ್ಚಿ ಕೂತಿದ್ದಳು. ನನ್ನ ಉಣ್ಣೆಯ ಒಳಂಗಿ, ಮೇಲೆ ತನ್ನ ಸ್ವೆಟರ್, ಅದರ ಮೇಲೆ ನನ್ನ ಗಂಡನ ಮಳೆಕೋಟು ಮೊಣಕಾಲಿನವರೆಗೆ, ಕಿವಿಗೆ ಮಫ್ಲರ್. ಕೋಟಿನ ತೋಳನ್ನು ಎರಡು ಸಲ ಮಡಚಿ ಸೇಫ್ಟಿ ಪಿನ್ ಹಾಕಿಕೊಂಡಿದ್ದಳು.

ಸಾಮಾನ್ಯವಾಗಿ 280 ಜನ ಬರುವ ಜಾಗದಲ್ಲಿ ಇದ್ದದ್ದು 58 ಜನ. ರನ್ ಡೈರೆಕ್ಟರ್ ಮಾತು ಗಾಳಿಗೆ ಕೇಳುತ್ತಲೇ ಇರಲಿಲ್ಲ. ಅವರು ಗುಂಪಿನ ನಡುವೆ ನಡೆದುಕೊಂಡು ಬಂದು ನಾಲ್ಕು ಕಡೆ ನಿಂತು ಅದೇ ಮಾತನ್ನು ನಾಲ್ಕು ಸಲ ಹೇಳಿದರು: ಬೇಲಿಯಿಂದಾಚೆ ಯಾರೂ ಹೋಗಬೇಡಿ, ಮೂರು ಸೀಟಿ ಕೇಳಿದರೆ ಎಲ್ಲಿದ್ದರೂ ವಾಪಸ್. ಬಾವುಟ ನೆಡಲಿಲ್ಲ. ಗುಡುಗಿನ ಸೂಚನೆ ಇರಲಿಲ್ಲ, ಆದರೂ ಮಂಗಳೂರಿನವರ ಲೆಕ್ಕ ತಲೆಯಲ್ಲಿತ್ತು.

ಒಟ್ಟು ನಾಲ್ಕು ಸುತ್ತು. ಹೋಗುವಾಗ ಗಾಳಿ ಬೆನ್ನಿಗೆ, ಕಾಲು ತಾನಾಗಿ ಹೋಗುತ್ತಿತ್ತು. ಮೂಲೆಯಲ್ಲಿ ತಿರುಗಿದರೆ ಎದೆಗೆ ಬಂದು ಹೊಡೆಯುತ್ತಿತ್ತು. ಮಳೆ ಅಡ್ಡಡ್ಡ ಬರುತ್ತಿತ್ತು, ಎಡಗಿವಿಗೆ ಮಾತ್ರ ನೀರು. ಎರಡನೇ ಸುತ್ತಿನಲ್ಲಿ ಒಬ್ಬರು ಎತ್ತರದ ಮನುಷ್ಯ ಕೈ ಸನ್ನೆ ಮಾಡಿ ತಮ್ಮ ಬೆನ್ನ ಹಿಂದೆ ಬರಲು ಹೇಳಿದರು. ನಾನು, ನನ್ನ ಹಿಂದೆ ಕಾಲೇಜು ಹುಡುಗಿ, ಅವಳ ಹಿಂದೆ ಇನ್ನೊಬ್ಬರು, ಹೀಗೆ ಸಾಲುಕಟ್ಟಿಕೊಂಡು ಆ ಬಯಲು ದಾಟಿದೆವು. ಮುಂದಿನ ಸುತ್ತಿಗೆ ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ. ಎರಡು ವರ್ಷದಲ್ಲಿ ಅವರ ಜೊತೆ ಒಂದು ಮಾತೂ ಆಡಿರಲಿಲ್ಲ ನಾನು. ನನಗೆ ಯಾವಾಗಲೂ 31 ನಿಮಿಷ ಬೇಕು, ನಿನ್ನೆ 37 ಆಯಿತು.

ಅಮ್ಮನನ್ನು ನಿಲ್ಲಿಸಿದ್ದು ಕೆಫೆಯ ಗೋಡೆಯ ಮರೆಯಲ್ಲಿ. ಲೀಡ್ಸಿನ ತಂಗಿ ಹೇಳಿದ ಹಾಗೆ ನಾನೇ ಕೇಳಿಕೊಂಡಿದ್ದೆ. ಮುಗಿಸುವ ಗೆರೆಯನ್ನೇ ಅಲ್ಲಿಗೆ ಹತ್ತಿರ ತಂದಿದ್ದರು. ಟೋಕನ್ ಅಂದರೆ ಚಿಕ್ಕ ಪ್ಲಾಸ್ಟಿಕ್ ತುಂಡು, ಅದರ ಮೇಲೆ ನಂಬರ್ ಇರುತ್ತದೆ. ಬಂದ ಕ್ರಮದಲ್ಲೇ ಒಂದೊಂದು ಕೊಡಬೇಕು, ಒಂದು ತಪ್ಪಿದರೆ ಹಿಂದಿನವರೆಲ್ಲರ ಫಲಿತಾಂಶ ತಪ್ಪುತ್ತದೆ. ಅಮ್ಮ ಕೈಗವಸು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು, ಒದ್ದೆ ಪ್ಲಾಸ್ಟಿಕ್ ಗವಸಿಗೆ ಜಾರುತ್ತದಂತೆ. ಎಡಗೈಯಲ್ಲಿ ಟೋಕನ್‌ಗಳ ಮಾಲೆ, ಬಲಗೈಯಿಂದ ಒಂದೊಂದೇ. ಕೊಡುವಾಗ ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ ಸ್ವಲ್ಪ ಬಾಗುತ್ತಿದ್ದಳು, ಮನೆಗೆ ಬಂದ ಮುತ್ತೈದೆಗೆ ತಾಂಬೂಲ ಕೊಡುವಾಗ ಬಾಗುವ ಹಾಗೆ. ಹನಿ ತೊಟ್ಟಿಕ್ಕುವ ಕೆಂಪು ಮುಖದವರು ಓಡಿ ಬಂದು ಏದುಸಿರಿನಲ್ಲೇ ಅವಳಿಗೆ ತಲೆಬಾಗಿ ಟೋಕನ್ ತೆಗೆದುಕೊಳ್ಳುತ್ತಿದ್ದರು.

ನಾನು ಗೆರೆ ದಾಟಿ ಅವಳ ಮುಂದೆ ನಿಂತೆ. ಅಳು ಬರುವ ಹಾಗಿತ್ತು. ಅವಳು ನನ್ನ ಮುಖವನ್ನೇ ನೋಡಲಿಲ್ಲ. ಬೆರಳಲ್ಲಿ ನಂಬರ್ ಮುಟ್ಟಿ ನೋಡಿ, 44, ಕೈಗಿಟ್ಟು "ಮುಂದೆ ಹೋಗೇ, ಹಿಂದೆ ಜನ ಬರ್ತಿದಾರೆ" ಅಂದಳು.

ಕೊನೆಗೆ ಬಸ್ ಡ್ರೈವರ್ ಬಂದರು, ಒಬ್ಬರೇ. ಅಮ್ಮನಿಗೆ ಏನೋ ಹೇಳಿದರು, ಅಮ್ಮ ಏನೋ ಹೇಳಿದಳು. ಮಂಗಳವಾರದ ವಿಷಯ ಅವರಿಗೆ ಗೊತ್ತು, ಯಾರು ಹೇಳಿದರೋ ಗೊತ್ತಿಲ್ಲ, ನಾನಂತೂ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಗಾಳಿ ಇಳಿದ ಮೇಲೆ ಇಬ್ಬರೂ ತೊರೆಯ ಪಕ್ಕ ಹೋಗಿ ನೋಡಿದೆವು. ದಿನಾ ಓಡುವ ದಾರಿಯ ಮೇಲೆ ಪಾಪ್ಲರ್ ಕೊಂಬೆ ಅಡ್ಡ ಬಿದ್ದಿತ್ತು, ನನ್ನ ಸೊಂಟದಷ್ಟು ದಪ್ಪ. ಅಮ್ಮ ಮುರಿದ ಜಾಗಕ್ಕೆ ಬೆರಳು ಹಾಕಿದಳು, ಕಂದು ಪುಡಿ ಉದುರಿತು. "ಒಳಗೆ ಟೊಳ್ಳಾಗಿ ಎಷ್ಟು ವರ್ಷ ಆಯ್ತೋ. ಹೊರಗಿಂದ ಎಂತ ಗೊತ್ತಾಗತ್ತೆ" ಅಂತ ಉಳಿದ ಮರಗಳನ್ನು ಒಂದೊಂದಾಗಿ ಬಡಿದು ನೋಡುತ್ತಾ ಬಂದಳು. ಎರಡು ಮರ ಅವಳಿಗೆ ಅನುಮಾನ. ಅದನ್ನು ತಂಡದವರಿಗೆ ಬರೆದು ತಿಳಿಸಿದ್ದೇನೆ, ಕೌನ್ಸಿಲ್‌ಗೆ ಹೇಳುತ್ತೇವೆ ಅಂದಿದ್ದಾರೆ.

ಅಮ್ಮನ ಹೆಸರಿನ ಮುಂದೆ ಈಗ ಒಂಬತ್ತು ನಡಿಗೆ, ಒಂದು ಸ್ವಯಂಸೇವೆ ಅಂತ ಬಂದಿದೆ. ಅದನ್ನು ಸ್ಕ್ರೀನ್‌ಶಾಟ್ ತೆಗೆಸಿ ಅಪ್ಪನಿಗೆ ಕಳಿಸಿದಳು. ಆದರೆ ಅವಳ ಮನಸ್ಸು ಇನ್ನೊಂದು ಕಡೆ ಇದೆ. ಓಟ ಮುಗಿದ ಮೇಲೆ ಕೆಫೆಯ ಮೇಜಿನ ಮೇಲೆ ಟೋಕನ್‌ಗಳನ್ನು ಒರೆಸಿ ಕ್ರಮವಾಗಿ ಜೋಡಿಸಿದ್ದೂ ಅವಳೇ. 37 ಇಲ್ಲ. ಯಾರೋ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿದ್ದಾರೆ, ಇದು ಆಗಾಗ ಆಗುವಂಥದ್ದೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಅವಳು ಒಪ್ಪಿಲ್ಲ. ಮುಂದಿನ ಶನಿವಾರ ಅವರು ತಂದು ಕೊಟ್ಟರಾ ಇಲ್ಲವಾ ಅಂತ ನಾನು ನೋಡಿ ಊರಿಗೆ ಫೋನ್ ಮಾಡಬೇಕು.